‘ಇಂಡಸ್ಟ್ರಿ’ ಎಂದರೇನು? ಒಂದು ಪದ ಮತ್ತು ಅದರ ಸಂದರ್ಭಗಳು

ಬೆಂಗಳೂರು ಜಲಮಂಡಳಿ ದುರ್ನಡತೆಯ ಕಾರಣ ಕೊಟ್ಟು ತನ್ನ ಕೆಲವು ನೌಕರರಿಗೆ ದಂಡ ಹಾಕಿ, ಆ ಹಣವನ್ನು ವಸೂಲು ಮಾಡಿಕೊಂಡಿತು. ನೌಕರರು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ ಮಂಡಳಿ ಎತ್ತಿದ ಮೊದಲ ತಕರಾರೇ ಬೇರೆ. ನಾಗರಿಕರಿಗೆ ಮೂಲಸೌಕರ್ಯ ಒದಗಿಸುವ ಶಾಸನಬದ್ಧ ಸಂಸ್ಥೆಯಾದ ತಾನು ‘ಇಂಡಸ್ಟ್ರಿ’ಯೇ ಅಲ್ಲ, ಹಾಗಾಗಿ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ತನಗೆ ಅನ್ವಯಿಸದು ಎಂದು ಅದು ವಾದಿಸಿತು. ಕಾರ್ಮಿಕ ನ್ಯಾಯಾಲಯವೂ ಹೈಕೋರ್ಟೂ ಒಪ್ಪಲಿಲ್ಲ. 1978ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಜಲಮಂಡಳಿಯನ್ನು ದಾಟಿ ಆಸ್ಪತ್ರೆ, ವಿಶ್ವವಿದ್ಯಾಲಯ, ಕ್ಲಬ್ಬುಗಳವರೆಗೂ ಹಬ್ಬಿತು.

ಕನ್ನಡದಲ್ಲಿ ಈ ಪದಕ್ಕೆ ‘ಕೈಗಾರಿಕೆ’ ಎನ್ನುತ್ತೇವೆ. ಹಾಗೆಂದೊಡನೆ ಚಿಮಣಿಯೂ ಯಂತ್ರವೂ ಕಣ್ಣಮುಂದೆ ಬಂದು ಅರ್ಧ ತೀರ್ಪು ಅಲ್ಲೇ ಆಗಿಬಿಡುತ್ತದೆ. ಅದಕ್ಕಾಗಿ ಇಲ್ಲಿ ಇಂಗ್ಲಿಷ್ ಪದವನ್ನೇ ಉಳಿಸಿಕೊಂಡಿದ್ದೇನೆ.

ಸಂದರ್ಭ ನೋಡಿ ಅರ್ಥ ಮಾಡಬೇಕೆಂಬುದು ನಮ್ಮ ಶಾಸ್ತ್ರಕಾರರಿಗೆ ಹಳೆಯ ಸಂಗತಿ. ಊಟಕ್ಕೆ ಕೂತವನು ‘ಸೈಂಧವ ತಾ’ ಎಂದರೆ ಉಪ್ಪು, ಪಯಣಕ್ಕೆ ಹೊರಟವನು ಎಂದರೆ ಕುದುರೆ. ಇಂಗ್ಲೆಂಡಿನಲ್ಲಿ 1584ರ ಹೇಡನ್ ಪ್ರಕರಣ ಇದನ್ನೇ ಪ್ರಶ್ನೆಗಳ ರೂಪದಲ್ಲಿ ಇಟ್ಟಿತು: ಶಾಸನಕ್ಕೆ ಮುಂಚೆ ಕಾನೂನು ಏನಿತ್ತು, ಅದರಲ್ಲಿದ್ದ ಕೇಡು ಯಾವುದು, ಶಾಸನ ಕೊಟ್ಟ ಪರಿಹಾರ ಯಾವುದು, ಏಕೆ. 1955ರಲ್ಲಿ ಬೆಂಗಾಲ್ ಇಮ್ಯುನಿಟಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ಸೂತ್ರವನ್ನು ಸಂವಿಧಾನದ ವಿಧಿಯೊಂದನ್ನು ಅರ್ಥೈಸಲು ಬಳಸಿಕೊಂಡಿತು. ಆದರೆ ಸೈಂಧವದ ದೃಷ್ಟಾಂತದಲ್ಲಿ ಊಟದ ಹೊತ್ತೋ ಪಯಣದ ಹೊತ್ತೋ ಎಂಬುದು ಎದುರಿಗೇ ಕಾಣುತ್ತದೆ. ಶಾಸನದ ವಿಷಯದಲ್ಲಿ ಹೊತ್ತು ಯಾವುದೆಂಬುದೇ ವ್ಯಾಜ್ಯ. ‘ಇಂಡಸ್ಟ್ರಿ’ಯ ಚರಿತ್ರೆ ತೋರಿಸುವುದು ಇದನ್ನೇ ಎಂದು ನನ್ನ ವಾದ.

ಕಾಯ್ದೆಯ 2(ಜೆ) ಕಲಮಿನ ವ್ಯಾಖ್ಯೆಯ ಮೊದಲ ಭಾಗ ವ್ಯವಹಾರ, ವ್ಯಾಪಾರ, ಉದ್ಯಮ, ತಯಾರಿಕೆ, ಕಸುಬು ಎಂದು ಸಾಲಾಗಿ ಪದಗಳನ್ನು ಇಡುತ್ತದೆ. ಎರಡನೆಯದು ಕಾರ್ಮಿಕರ ಕಡೆಯಿಂದ ಸೇವೆ, ನೌಕರಿ, ಕರಕುಶಲತೆಗಳನ್ನು ಸೇರಿಸುತ್ತದೆ. 1953ರಲ್ಲಿ ಬಂಗಾಳದ ಬಜ್‌ಬಜ್ ಪುರಸಭೆಯ ಇಬ್ಬರು ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜನಸಾಮಾನ್ಯರ ಮಾತಿನ ಅರ್ಥವನ್ನು ಬದಿಗಿಟ್ಟಿತು. ಮಾಲೀಕ-ಕಾರ್ಮಿಕ ಸಂಬಂಧ ಬದಲಾದ ಕಾಲವನ್ನೂ ಕಾಯ್ದೆಯ ಗುರಿಯನ್ನೂ ನೋಡಿ, ಪುರಸಭೆಯ ನೌಕರರ ವಿವಾದವೂ ಕಾಯ್ದೆಯೊಳಗೆ ಬರುತ್ತದೆ ಎಂದಿತು. 1960ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆ ಸಮೂಹದ ವಾರ್ಡು ನೌಕರರ ಸರದಿ. ‘ಉದ್ಯಮ’ ಎಂಬ ಪದವನ್ನು ಪಕ್ಕದ ‘ವ್ಯಾಪಾರ’, ‘ವ್ಯವಹಾರ’ಗಳ ಸಹವಾಸದಿಂದ ಸಂಕುಚಿತಗೊಳಿಸಿ ಎಂದು ಸರ್ಕಾರ ಕೇಳಿತು. ಶಾಸಕಾಂಗ ಬೇಕೆಂದೇ ಅಗಲವಾದ ಪದ ಹಾಕಿರುವಾಗ ಆ ಸೂತ್ರ ಸಲ್ಲದು ಎಂದ ನ್ಯಾಯಮೂರ್ತಿ ಗಜೇಂದ್ರಗಡಕರ್, ಆಸ್ಪತ್ರೆಯೂ ಇಂಡಸ್ಟ್ರಿಯೇ ಎಂದರು.

ಮೂರೇ ವರ್ಷಗಳಲ್ಲಿ, 1963ರಲ್ಲಿ, ಅದೇ ಗಜೇಂದ್ರಗಡಕರ್ ಅವರ ಮುಂದೆ ದೆಹಲಿ ವಿಶ್ವವಿದ್ಯಾಲಯದ ಬಸ್ ಚಾಲಕರು ನಿಂತಿದ್ದರು. ವಿದ್ಯಾರ್ಥಿನಿಯರಿಗಾಗಿ ಓಡಿಸುತ್ತಿದ್ದ ಬಸ್ಸುಗಳು ನಷ್ಟದಲ್ಲಿವೆಯೆಂದು ವಿಶ್ವವಿದ್ಯಾಲಯ ಅವರನ್ನು ಕೆಲಸದಿಂದ ತೆಗೆದಿತ್ತು. ಈ ಬಾರಿ ನ್ಯಾಯಮೂರ್ತಿಗಳು ಕಾಯ್ದೆಯ ಇನ್ನೊಂದು ಕಲಮನ್ನು ತೆರೆದರು. ‘ಕಾರ್ಮಿಕ’ ಎಂಬ ವ್ಯಾಖ್ಯೆಯಲ್ಲಿ ಶಿಕ್ಷಕರಿಗೆ ಜಾಗವಿಲ್ಲ. ಶಿಕ್ಷಣದಲ್ಲಿ ಶಿಕ್ಷಕರದ್ದೇ ಮುಖ್ಯ ಪಾತ್ರ. ಅವರನ್ನೇ ಹೊರಗಿಟ್ಟ ಕಾಯ್ದೆ ಶಿಕ್ಷಣವನ್ನು ಇಂಡಸ್ಟ್ರಿ ಎಂದು ಬಗೆದಿರಲಾರದು. ತರ್ಕ ಚೆನ್ನಾಗಿಯೇ ಇದೆ. ಪಾಠ ಹೇಳದ ಚಾಲಕರು ಮಾತ್ರ ಶಿಕ್ಷಕರ ನೆರಳಲ್ಲಿ ಹಕ್ಕು ಕಳೆದುಕೊಂಡರು.

1970ರಲ್ಲಿ ಸಫ್ದರ್‌ಜಂಗ್ ಆಸ್ಪತ್ರೆಯ ಪ್ರಕರಣ ಚಕ್ರವನ್ನು ಹಿಂದಕ್ಕೆ ತಿರುಗಿಸಿತು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ‘ಉದ್ಯಮ’ವನ್ನು ವ್ಯಾಪಾರ-ವ್ಯವಹಾರಗಳ ಹೋಲಿಕೆಗೆ ಕಟ್ಟಿಹಾಕಿ, 1960ರ ತೀರ್ಪನ್ನು ತಪ್ಪೆಂದು ತಳ್ಳಿಹಾಕಿತು. ಕಾಯ್ದೆಯ ಗುರಿಯೆದುರು ಸೋತಿದ್ದ ನೆರೆಪದಗಳು ಈಗ ಗೆದ್ದವು. ಎರಡೂ ಪೀಠಗಳು ಸಂದರ್ಭವನ್ನು ನೋಡಿದ್ದವು ಎಂಬುದನ್ನು ಮರೆಯಬಾರದು.

ಹೀಗೆ ಸಿಕ್ಕುಗಟ್ಟಿದ್ದನ್ನು ಬಿಡಿಸಲು ಬಂದದ್ದು ಜಲಮಂಡಳಿ ಪ್ರಕರಣ. ಬಹುಮತದ ಪ್ರಮುಖ ತೀರ್ಪು ಬರೆದ ವಿ.ಆರ್. ಕೃಷ್ಣ ಅಯ್ಯರ್ ಸಂದರ್ಭದ ಗಡಿಯನ್ನು ಕಾಯ್ದೆಯಾಚೆಗೆ, ಸಂವಿಧಾನದ ಸಾಮಾಜಿಕ ನ್ಯಾಯದ ಆಶಯದವರೆಗೆ ಒಯ್ದರು. ವ್ಯವಸ್ಥಿತ ಚಟುವಟಿಕೆ, ಮಾಲೀಕ-ನೌಕರರ ಸಹಕಾರ, ಜನರ ಬೇಕುಗಳನ್ನು ಪೂರೈಸುವ ಸರಕು ಅಥವಾ ಸೇವೆ: ಈ ಮೂರೂ ಇದ್ದರೆ ಅದು ಇಂಡಸ್ಟ್ರಿ, ಲಾಭ ಉಂಟೋ ಇಲ್ಲವೋ ಕೇಳಬೇಕಿಲ್ಲ. ಶುದ್ಧ ಆಧ್ಯಾತ್ಮಿಕ ಸೇವೆ ಹೊರಗೆ. ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸುವುದು ಒಳಗೆ! ದೆಹಲಿ ವಿಶ್ವವಿದ್ಯಾಲಯದ ತೀರ್ಪು, ಸಫ್ದರ್‌ಜಂಗ್ ತೀರ್ಪು ಎರಡೂ ಬಿದ್ದವು. ಜಸ್ವಂತ್ ಸಿಂಗ್ ಮತ್ತು ತುಳಜಾಪುರ್‌ಕರ್ ಭಿನ್ನಮತ ಬರೆದರು.

ಅದೇ ಪೀಠದಲ್ಲಿದ್ದ ಮುಖ್ಯ ನ್ಯಾಯಮೂರ್ತಿ ಬೇಗ್ ತಮ್ಮ ಬೆಂಬಲಕ್ಕೆ ಕರೆದದ್ದು ಇಂಗ್ಲೆಂಡಿನ ನ್ಯಾಯಮೂರ್ತಿ ಡೆನ್ನಿಂಗ್ ಅವರನ್ನು. ಶಾಸನದ ಬಟ್ಟೆಯನ್ನು ಬದಲಿಸಬಾರದು, ಸುಕ್ಕುಗಳಿಗೆ ಇಸ್ತ್ರಿ ಹಾಕಬಹುದು ಎಂಬುದು ಡೆನ್ನಿಂಗ್ 1949ರಲ್ಲಿ ಆಡಿದ ಮಾತಿನ ಸಾರ. 1951ರಲ್ಲಿ ಅವರ ಧೋರಣೆಯನ್ನು ಶಾಸಕಾಂಗದ ಅಧಿಕಾರದ ಕಬಳಿಕೆ ಎಂದು ಜರೆದವರು ಲಾರ್ಡ್ ಸೈಮಂಡ್ಸ್. ಅದೇ ಸೈಮಂಡ್ಸ್ 1957ರಲ್ಲಿ ಹ್ಯಾನೋವರ್ ರಾಜಕುಮಾರನ ಪೌರತ್ವದ ಪ್ರಕರಣದಲ್ಲಿ, ಪ್ರಸ್ತಾವನೆ, ಉಳಿದ ಕಲಮುಗಳು, ಸಂಬಂಧಿತ ಬೇರೆ ಶಾಸನಗಳು, ನಿವಾರಿಸಬೇಕಿದ್ದ ಕೇಡು ಇವೆಲ್ಲವೂ ಸಂದರ್ಭವೇ ಎಂದರು. ಆದರೆ ಅಷ್ಟೆಲ್ಲ ನೋಡಿದ ಮೇಲೆ 1705ರ ಶಾಸನದ ಪ್ರಸ್ತಾವನೆ ಅದರ ಸ್ಪಷ್ಟ ಮಾತನ್ನು ಕುಗ್ಗಿಸದೆಂದು ಅವರ ಪೀಠ ತೀರ್ಮಾನಿಸಿತು.

ಸಂಸತ್ತು 1982ರಲ್ಲಿ ವ್ಯಾಖ್ಯೆಯನ್ನು ತಿದ್ದಿ ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳನ್ನು ಹೊರಗಿಟ್ಟಿತು. ಆ ತಿದ್ದುಪಡಿ ವ್ಯಾಖ್ಯೆ ಜಾರಿಗೇ ಬರಲಿಲ್ಲ. ಅಂಗೀಕಾರವಾಗಿಯೂ ಜೀವ ಪಡೆಯದ ಪಠ್ಯ ಹಳೆಯ ಪಠ್ಯಕ್ಕೆ ಸಂದರ್ಭವಾದೀತೇ? ಜಲಮಂಡಳಿ ತೀರ್ಪನ್ನು ಮರುಪರಿಶೀಲಿಸಬೇಕೆಂದು 2005ರಲ್ಲಿ ಐವರ ಪೀಠ ಕೇಳಿದಾಗ ಈ ತಿದ್ದುಪಡಿಯೂ ಚರ್ಚೆಗೆ ಬಂತು; 2017ರಲ್ಲಿ ಏಳು ಮಂದಿಯ ಪೀಠ ಆ ಮರುಪರಿಶೀಲನೆಯನ್ನು ಒಂಬತ್ತು ಮಂದಿಯ ಪೀಠಕ್ಕೆ ಒಪ್ಪಿಸಿತು. ಇತ್ತ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ವ್ಯಾಖ್ಯೆಯನ್ನು ಓದಿದರೆ, ಹಳೆಯ ಪದಗಳ ಸಾಲು ಹೋಗಿ ಆ ಜಾಗದಲ್ಲಿ ಕೃಷ್ಣ ಅಯ್ಯರ್ ಅವರ ಪರೀಕ್ಷೆಯೇ ಹೆಚ್ಚುಕಡಿಮೆ ಅವರದೇ ಮಾತಿನಲ್ಲಿ ಕೂತಿದೆ. ಅದರ ಬೆನ್ನಿಗೇ ಹೊರಗಿಟ್ಟವರ ಪಟ್ಟಿ: ದಾನಧರ್ಮದ ಸಂಸ್ಥೆಗಳು, ಸರ್ಕಾರದ ಸಾರ್ವಭೌಮ ಕಾರ್ಯಗಳು, ಮನೆಗೆಲಸ.