ಸತ್ತೂರಿಗೆ ಬಂದದ್ದು ಡೆಲ್ಟಾ

2021ರ ನವೆಂಬರ್ ಕೊನೆಗೆ ಹುಬ್ಬಳ್ಳಿ–ಧಾರವಾಡ ನಡುವಿನ ಸತ್ತೂರ ದೇಶಕ್ಕೆಲ್ಲ ಸುದ್ದಿಯಾಯಿತು. ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ 17ರಂದು ಫ್ರೆಷರ್ಸ್ ಪಾರ್ಟಿ ನಡೆದಿತ್ತು. 25ರಂದು 66 ಮಂದಿಯಲ್ಲಿ ಕೊರೊನಾ ಪತ್ತೆಯಾಯಿತು. ಎರಡೇ ದಿನಕ್ಕೆ ಸಂಖ್ಯೆ 281 ಆಯಿತು. ಬಹುಪಾಲು ಜನ ಎರಡೂ ಡೋಸ್ ಹಾಕಿಸಿಕೊಂಡವರೇ. ಈ ನಡುವೆ 26ರಂದು ವಿಶ್ವ ಆರೋಗ್ಯ ಸಂಸ್ಥೆ, ದಕ್ಷಿಣ ಆಫ್ರಿಕಾ ತಿಳಿಸಿದ್ದ ಹೊಸ ತಳಿಗೆ ಒಮೈಕ್ರಾನ್ ಎಂದು ಹೆಸರಿಟ್ಟಿತು. ಅದೇ ಇದಿರಬೇಕು ಎಂದು ಜನ ಆಡಿಕೊಂಡದ್ದರಲ್ಲಿ ತಪ್ಪಿಲ್ಲ. ಆದರೆ ಗುಮಾನಿಯನ್ನು ಗುಮಾನಿಯಾಗಿಯೇ ಇಟ್ಟುಕೊಂಡು ಪುರಾವೆಗೆ ಕಾಯುವುದೂ ವಿಜ್ಞಾನದ ಕೆಲಸವೇ.

ಆರ್‌ಟಿ–ಪಿಸಿಆರ್ ವೈರಸ್ ಇದೆಯೋ ಇಲ್ಲವೋ ಹೇಳುತ್ತದೆ. ಯಾವ ತಳಿಯೆಂದು ಖಚಿತಪಡಿಸಲು ಜೀನೋಮ್ ಸೀಕ್ವೆನ್ಸಿಂಗ್ ಆಗಬೇಕು. ವೈರಸ್ಸು ಸಾಕಷ್ಟಿರುವ ಮಾದರಿಗಳನ್ನು ಆರಿಸಿ, ಅದರ ಆರ್‌ಎನ್‌ಎಯನ್ನು ಡಿಎನ್‌ಎಗೆ ಇಳಿಸಿ, ಸುಮಾರು 30,000 ಅಕ್ಷರಗಳ ಸರಣಿಯನ್ನು ಓದಿ, ಗೊತ್ತಿರುವ ತಳಿಗಳ ಜೊತೆ ತಾಳೆ ನೋಡಬೇಕು. ಸತ್ತೂರಿನ ಮಾದರಿಗಳು ಬೆಂಗಳೂರಿಗೆ ಹೋದವು. ಇದಕ್ಕೆ ದಿನಗಳು ಬೇಕು. ಅಷ್ಟರಲ್ಲಿ ಊರೆಲ್ಲ ಹಬ್ಬದೇ ಎಂದು ಕೇಳಬಹುದು. ಹಬ್ಬದಂತೆ ಮಾಡುವ ಕೆಲಸ ಹೆಸರಿಗಾಗಿ ಕಾಯಲಿಲ್ಲ: ಹಾಸ್ಟೆಲ್‌ಗಳನ್ನು ಸೀಲ್ ಮಾಡಿದರು, ಕ್ಯಾಂಪಸ್ಸಿನವರನ್ನೆಲ್ಲ ಪರೀಕ್ಷಿಸಿದರು, 500 ಮೀಟರ್ ಸುತ್ತಲಿನ ಶಾಲೆ–ಕಾಲೇಜುಗಳಿಗೆ ರಜೆ ಕೊಟ್ಟರು.

ಫಲಿತಾಂಶ ಬಂತು: ಡೆಲ್ಟಾ. ಹಾಗಾದರೆ ಇಷ್ಟೆಲ್ಲ ಗದ್ದಲ ದಂಡವೇ? ಅಲ್ಲ. ಹೊಸತಲ್ಲ ಎಂಬ ಉತ್ತರವೂ ಉತ್ತರವೇ. ಅದಿಲ್ಲದಿದ್ದರೆ ಒಮೈಕ್ರಾನ್ ಭಾರತಕ್ಕೆ ಕಾಲಿಟ್ಟದ್ದು ಸತ್ತೂರಿನಲ್ಲಿ ಎಂಬ ತಪ್ಪು ಮಾತು ಚರಿತ್ರೆಯಲ್ಲೇ ಉಳಿಯುತ್ತಿತ್ತು. ಲಸಿಕೆ ಹಾಕಿಸಿಕೊಂಡವರಿಗೇ ಬಂತಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿ. ಆದರೆ ಹೆಚ್ಚುಕಡಿಮೆ ಎಲ್ಲರೂ ಲಸಿಕೆ ಪಡೆದ ಕಡೆ ಸೋಂಕಿತರಲ್ಲಿ ಅವರೇ ಹೆಚ್ಚಿರುತ್ತಾರೆ. ನೋಡಬೇಕಾದದ್ದು ಎಷ್ಟು ಮಂದಿ ಹಾಸಿಗೆ ಹಿಡಿದರು ಎಂಬುದನ್ನು. ಬಹುತೇಕರಿಗೆ ಲಕ್ಷಣಗಳೇ ಇರಲಿಲ್ಲ, ಇದ್ದರೂ ಸೌಮ್ಯವಾಗಿದ್ದವು. ಈ ಲೆಕ್ಕದ ಬುದ್ಧಿ ಈ ಸೀಮೆಗೆ ಹೊಸದೇನಲ್ಲ. 1898ರ ಪ್ಲೇಗಿನಲ್ಲಿ ಹುಬ್ಬಳ್ಳಿಯವರಿಗೆ ಹಾಫ್ಕಿನ್ ಲಸಿಕೆ ಚುಚ್ಚಿದಾಗ, ಚುಚ್ಚಿಸಿಕೊಂಡವರ ಮತ್ತು ಚುಚ್ಚಿಸಿಕೊಳ್ಳದವರ ಸಾವುಗಳನ್ನು ಬೇರೆ ಬೇರೆ ಎಣಿಸಿದ್ದರು. ಹಾಗೆ ಎಣಿಸಿದ್ದರಿಂದಲೇ ವಾದಕ್ಕೆ ಬಲ ಬಂತು.

ವಿಮಾನ ನಿಲ್ದಾಣದಲ್ಲಿ ತಡೆದರೆ ಸಾಕು, ಊರೊಳಗಿನ ಮಾದರಿಗಳೇಕೆ ಎನ್ನುವವರೂ ಇದ್ದರು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ದೃಢಪಟ್ಟವು, ಬೆಂಗಳೂರಿನಲ್ಲಿ. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಇನ್ನೊಬ್ಬರು ವಿದೇಶಕ್ಕೇ ಹೋಗದಿದ್ದ ಸ್ಥಳೀಯ ವೈದ್ಯರು.