ಹೆಸರಿಲ್ಲದ ದೂರು, ಹೆದ್ದಾರಿಯ ತಡೆ

1761ರಲ್ಲಿ ಬಾಸ್ಟನ್ ನಗರದ ನ್ಯಾಯಸ್ಥಾನದೆದುರು ನಿಂತು, ಬ್ರಿಟಿಷ್ ಸುಂಕದಧಿಕಾರಿಗಳು ಯಾರ ಮನೆಯನ್ನಾದರೂ ಕಾರಣ ಹೇಳದೆಯೇ ಶೋಧಿಸಲು ಎಡೆಗೊಡುತ್ತಿದ್ದ ಸಾರ್ವತ್ರಿಕ ಆಜ್ಞಾಪತ್ರಗಳನ್ನು ಖಂಡಿಸಿದ ಜೇಮ್ಸ್ ಓಟಿಸನೆಂಬ ವಕೀಲನು, ನೆರೆಯವನ ಮೇಲೆ ಹಗೆ ತೀರಿಸಿಕೊಳ್ಳಬಯಸುವ ಯಾವನಿಗಾದರೂ ಅಂತಹ ಪತ್ರವು ಆಯುಧವಾದೀತೆಂದು ಎಚ್ಚರಿಸಿದನು. ವ್ಯಾಜ್ಯದಲ್ಲಿ ಅವನ ಪಕ್ಷ ಸೋತಿತು. ಆದರೆ 1791ರಲ್ಲಿ ಅಮೆರಿಕದ ಸಂವಿಧಾನವನ್ನು ಸೇರಿದ, ಸಕಾರಣವಿಲ್ಲದ ಶೋಧವನ್ನೂ ಬಂಧನವನ್ನೂ ನಿಷೇಧಿಸುವ ನಾಲ್ಕನೆಯ ತಿದ್ದುಪಡಿಯಲ್ಲಿ ಆ ಭೀತಿಯೇ ಶಾಸನರೂಪವನ್ನು ತಾಳಿತು.

ಮುಂದೆ ಮೋಟಾರೂ ಟೆಲಿಫೋನೂ ಬಳಕೆಗೆ ಬಂದ ಮೇಲೆ, ಓಟಿಸನು ಕಂಡಿದ್ದ ಆ ಹಗೆಯ ನೆರೆಯವನಿಗೆ ಮೂಗರ್ಜಿ ಬರೆಯುವ ಶ್ರಮವೂ ಉಳಿಯಲಿಲ್ಲ; ಹೆಸರು ಹೇಳದೆ ಒಂದು ಕರೆ ಮಾಡಿದರೆ ಸಾಕಾಯಿತು. ಬಂಧನಕ್ಕೆ ಬೇಕಾದಷ್ಟು ಆಧಾರವಿಲ್ಲದಿದ್ದರೂ ಸಮಂಜಸವಾದ ಸಂಶಯವಿದ್ದಲ್ಲಿ ಒಬ್ಬನನ್ನು ತುಸು ಹೊತ್ತು ತಡೆಯುವ ಅಧಿಕಾರವು 1968ರ ತೀರ್ಪೊಂದರಿಂದ ಪೊಲೀಸರಿಗೆ ದೊರೆತಿದ್ದಿತು. ಆ ಸಂಶಯವು ಹೆಸರಿಲ್ಲದವನ ಬಾಯಿಂದ ಹುಟ್ಟಬಹುದೆ? 1987ರಲ್ಲಿ ಅಲಬಾಮಾದ ಮಾಂಟ್‌ಗೊಮರಿ ಪೊಲೀಸರಿಗೆ ಬಂದ ಅನಾಮಧೇಯ ಕರೆಯೊಂದು, ಇಂಥ ಹೆಂಗಸು ಇಂಥ ಹೊತ್ತಿಗೆ ತನ್ನ ವಸತಿಯಿಂದ ಹೊರಟು, ಬಲಗಡೆಯ ಹಿಂದೀಪದ ಗಾಜೊಡೆದ ಕಂದುಬಣ್ಣದ ಪ್ಲಿಮತ್ ವಾಹನದಲ್ಲಿ, ಕೊಕೇನಿಟ್ಟ ಕೈಪೆಟ್ಟಿಗೆಯೊಡನೆ ಇಂಥ ಮೋಟೆಲಿಗೆ ಹೋಗುವಳೆಂದು ತಿಳಿಸಿತು. ಪೊಲೀಸರು ಹಿಂಬಾಲಿಸಿ, ಮೋಟೆಲು ಇನ್ನೇನು ಬಂದಿತೆನ್ನುವಾಗ ತಡೆದರು. ಪೆಟ್ಟಿಗೆಯಲ್ಲಿದ್ದುದು ಗಾಂಜಾ. ಮುಂದಾಗುವುದನ್ನು ಸರಿಯಾಗಿ ಹೇಳಬಲ್ಲವನಿಗೆ ಒಳಸಂಗತಿಯೂ ತಿಳಿದಿರಬೇಕೆಂದು ಊಹಿಸಿ, 1990ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯಲ್ಲಿ ಆರು ಮಂದಿ, ತುಸು ಅಳುಕಿನಿಂದಲೇ, ಆ ತಡೆಯನ್ನು ಮಾನ್ಯಮಾಡಿದರು. ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ಸ್ಟೀವನ್ಸರಾದರೋ, ಒಬ್ಬಳ ದಿನಚರಿಯನ್ನು ಬಲ್ಲ ಯಾವ ಹಗೆಗಾರನಾದರೂ ಇಷ್ಟನ್ನು ಹೇಳಿಯಾನೆಂದು ತೋರಿಸಿದರು. ಓಟಿಸನಿಗೆ ಈ ಮಾತು ಹೊಸದೆನಿಸುತ್ತಿರಲಿಲ್ಲ.

2000ದಲ್ಲಿ, ಬಸ್ ನಿಲ್ದಾಣದಲ್ಲಿ ಚೌಕಳಿ ಅಂಗಿ ತೊಟ್ಟು ನಿಂತ ಹುಡುಗನ ಬಳಿ ಪಿಸ್ತೂಲಿದೆಯೆಂಬ ಬರಿಯ ಅನಾಮಧೇಯ ಕರೆ ತಡೆಗೆ ಸಾಲದೆಂದು ಫ್ಲಾರಿಡಾದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿಗಳೆಲ್ಲರೂ ಏಕಕಂಠದಿಂದ ನುಡಿದಾಗ, ವಿಷಯ ಇತ್ಯರ್ಥವಾದಂತೆ ಕಂಡಿತು. ಆಗಿರಲಿಲ್ಲ.

2008ರಲ್ಲಿ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಸೀಮೆಯ ಹೆದ್ದಾರಿಯಲ್ಲಿ, ಬೆಳ್ಳಿಬಣ್ಣದ ಫೋರ್ಡ್ ಟ್ರಕ್ಕೊಂದು ತಮ್ಮ ವಾಹನವನ್ನು ರಸ್ತೆಯಿಂದಿಳಿಸಿತೆಂದು ಯಾರೋ 911 ಎಂಬ ತುರ್ತುಸಂಖ್ಯೆಗೆ ದೂರಿತ್ತರು. ಪೊಲೀಸರು ಸುಮಾರು 5 ನಿಮಿಷ ಬೆನ್ನುಹತ್ತಿದರೂ ಚಾಲಕನಲ್ಲಿ ದೋಷವೊಂದೂ ಕಾಣಲಿಲ್ಲ. ಆದರೂ ನಿಲ್ಲಿಸಿದರು, 30 ಪೌಂಡು ಗಾಂಜಾ ಸಿಕ್ಕಿತು. ಕರೆಗಳು ಧ್ವನಿಮುದ್ರಿತವಾಗುವಲ್ಲಿ ಸುಳ್ಳುಗಾರನು ಅಂಜುವನೆಂದೂ, ಟ್ರಕ್ಕಿನ ನಡತೆ ಕುಡಿತವನ್ನು ಸೂಚಿಸುವುದೆಂದೂ 2014ರಲ್ಲಿ ನ್ಯಾಯಮೂರ್ತಿ ಥಾಮಸರೂ ಸೇರಿ ಐವರು ತಡೆಯನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸ್ಕಾಲಿಯಾ ಮತ್ತಿತರ ಮೂವರು ಒಪ್ಪಲಿಲ್ಲ. ಅಮಲೇರಿದವನು ಪೊಲೀಸರ ಕಣ್ಣೆದುರೇ ಅಷ್ಟು ಹೊತ್ತು ನೆಟ್ಟಗೆ ಓಡಿಸಿದನೆಂಬುದನ್ನು ನಂಬುವುದು ನನಗೂ ಕಷ್ಟ. ವಿಚಿತ್ರವೆಂದರೆ, ಕರೆ ಮಾಡಿದವರು ತಮ್ಮ ಹೆಸರನ್ನು ಹೇಳಿಯೇ ಇದ್ದರು. ಅವರಾಗಲಿ ಕರೆಯನ್ನು ಸ್ವೀಕರಿಸಿದವರಾಗಲಿ ವಿಚಾರಣೆಗೆ ಬಾರದಿದ್ದುದರಿಂದ ಧ್ವನಿಮುದ್ರಣವು ಸಾಕ್ಷ್ಯವಾಗದೆ, ಸರಕಾರಿ ವಕೀಲರೇ ಆ ಕರೆಯನ್ನು ಅನಾಮಧೇಯವೆಂದು ಮಂಡಿಸಿದ್ದರು.