ಹುಲಿ ಲೆಕ್ಕದ ಎರಡು ಸಾಲು

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆ ಹೋಗುವವರಿಗೆ ಮದ್ದೂರು ಅಂದರೆ ಚೆಕ್‌ಪೋಸ್ಟ್. 2009ರಿಂದ ರಾತ್ರಿ 9ಕ್ಕೆ ಗೇಟು ಬಿತ್ತು ಅಂದರೆ, ಆಂಬುಲೆನ್ಸು, ಒಂದಷ್ಟು ಬಸ್ಸು ಬಿಟ್ಟು, ಬೆಳಗ್ಗೆ 6ರವರೆಗೆ ರಸ್ತೆ ಪ್ರಾಣಿಗಳದ್ದು. ವೀಕೆಂಡ್‌ಗೆ ವಯನಾಡು ಅಂತ ಹೊರಡುವ ನಾವು ಗೊಣಗುತ್ತೇವೆ. ನನ್ನ ಪ್ರಶ್ನೆ ಬೇರೆ: ಈ ಕಾಡಲ್ಲಿ ಎಷ್ಟು ಹುಲಿ ಇವೆ ಅಂತ ಹೇಳೋದು ಹೇಗೆ?

1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆಗ ಲೆಕ್ಕಕ್ಕೆ ಆಧಾರ ಹೆಜ್ಜೆಗುರುತು. ಗುರುತಿನ ನಕಲು ತೆಗೆದು, ಇದು ಇಂಥದ್ದೇ ಹುಲಿ ಎಂದು ಅನುಭವಿಗಳು ತೀರ್ಮಾನಿಸುತ್ತಿದ್ದರು. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಅಂತ ಗೊತ್ತಾಯಿತು. ಕಡತದಲ್ಲಿ ಮಾತ್ರ ಅವು ಆರಾಮಾಗಿ ಓಡಾಡಿಕೊಂಡಿದ್ದವು!

ಅಷ್ಟರೊಳಗೆ ಪಕ್ಕದ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಇಟ್ಟು, 1995ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರಲ್ಲ. ಯಾವ ಹುಲಿ ಎಷ್ಟು ಸಲ ಫೋಟೋಗೆ ಸಿಕ್ಕಿತು ಎಂಬುದರಿಂದ, ಸಿಗದೇ ಉಳಿದವು ಎಷ್ಟಿರಬಹುದು ಅಂತ ಅಂದಾಜು ಮಾಡಬಹುದು. ಆದರೆ ಆ ಗಣಿತ ಎಲ್ಲರಿಗೂ ದಕ್ಕುವಂಥದ್ದಲ್ಲ.

ಇಲ್ಲಿ ಬರುತ್ತೆ 'ಆರ್' ಭಾಷೆ. 1990ರ ದಶಕದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ರಾಸ್ ಇಹಾಕ, ರಾಬರ್ಟ್ ಜೆಂಟಲ್‌ಮನ್ ಕಟ್ಟಿದ್ದು. ಒಂದು ಸಾಲು ಟೈಪಿಸಿದರೆ ಆಗಲೇ ಉತ್ತರ ಕೊಡುವ ಶೆಲ್ ಅದರದ್ದು. 1997ರಲ್ಲಿ 'ಕ್ರ್ಯಾನ್' ಭಂಡಾರ ಬಂದ ಮೇಲೆ, ಯಾರೋ ಬರೆದ ಲೈಬ್ರರಿ ಯಾರಿಗಾದರೂ ಸಿಗುವಂತಾಯಿತು. 2012ರಲ್ಲಿ ಅರ್ಜುನ್ ಗೋಪಾಲಸ್ವಾಮಿ, ಕಾರಂತರು ಮತ್ತು ಸಂಗಡಿಗರು ಇಂಥದ್ದೇ ಒಂದು ಲೈಬ್ರರಿಯನ್ನು ಪರಿಚಯಿಸಿದರು. ಹೆಸರು 'ಸ್ಪೇಸ್‌ಕ್ಯಾಪ್'.

ಬಳಸೋದು ಎರಡು ಸಾಲಿನ ಮಾತು. 'ಇನ್‌ಸ್ಟಾಲ್ ಡಾಟ್ ಪ್ಯಾಕೇಜಸ್' ಅಂದರೆ ಪುಸ್ತಕ ಮನೆಗೆ ತಂದಂತೆ, ಒಮ್ಮೆ ಸಾಕು. 'ಲೈಬ್ರರಿ' ಅಂದರೆ ಅದನ್ನು ಮೇಜಿನ ಮೇಲೆ ತೆರೆದಂತೆ, ಶೆಲ್ ಹೊಸದಾಗಿ ಶುರು ಮಾಡಿದಾಗಲೆಲ್ಲ ಹೇಳಬೇಕು. ಆಮೇಲೆ ಮೂರು ಫೈಲು ಕೊಡಬೇಕು: ಯಾವ ಹುಲಿ ಎಲ್ಲಿ ಯಾವಾಗ ಸಿಕ್ಕಿತು, ಕ್ಯಾಮೆರಾ ಎಲ್ಲೆಲ್ಲಿ ಎಂದೆಂದು ಇತ್ತು, ಹುಲಿಯ ನೆಲೆಯ ನಡುಬಿಂದು ಎಲ್ಲೆಲ್ಲಿ ಇರಬಹುದು.

ಸುಲಭ ಅಂತ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ಲೈಬ್ರರಿ ಜೊತೆ ಬರೆದವರ ಊಹೆಗಳೂ ಬರುತ್ತವೆ. ಸಮೀಕ್ಷೆ ಮುಗಿಯುವವರೆಗೆ ಹುಲಿ ತನ್ನ ನೆಲೆ ಬದಲಿಸಲ್ಲ ಅನ್ನೋದು ಅದರಲ್ಲೊಂದು. ಕ್ಯಾಮೆರಾ ತಿಂಗಳುಗಟ್ಟಲೆ ಇಟ್ಟರೆ ಆ ಊಹೆಯೇ ಸಡಿಲ, ಶೆಲ್ ಮಾತ್ರ ಎಂದಿನಂತೆ ಅಂಕಿ ಕೊಡುತ್ತೆ.

ಆದರೂ ದೊಡ್ಡ ಬದಲಾವಣೆ ಇದೇ ಅನ್ನೋದು ನನ್ನ ಅಭಿಪ್ರಾಯ. ಹೆಜ್ಜೆ ಓದುವ ಅನುಭವಿಯ ಕಣ್ಣನ್ನು ಇನ್ನೊಬ್ಬರಿಗೆ ಕೊಡೋಕಾಗಲ್ಲ. ಅದೇ ಮೂರು ಫೈಲು, ಅದೇ ಲೈಬ್ರರಿ ಸಿಕ್ಕರೆ, ಒಪ್ಪದವರೂ ಕೂತು ಲೆಕ್ಕ ಮತ್ತೆ ಮಾಡಿ ನೋಡಬಹುದು.